ನರಸಿಂಹರಾಜಪುರದ ಮಂಜುಳಾ

ಈ ಸಲ ಮೇ ತಿಂಗಳ ಕೊನೆಯಲ್ಲಿ ಅತ್ತೆಯನ್ನು ಶೃಂಗೇರಿಗೆ ಕರೆದುಕೊಂಡು ಹೋಗುವಾಗ ಕೊಪ್ಪದಲ್ಲಿ ಬಸ್ಸು ಬದಲಿಸಬೇಕಾಯಿತು. ಮುಂದಿನ ಬಸ್ಸಿಗೆ ಅರ್ಧ ಗಂಟೆ ಇತ್ತು. ಅತ್ತೆಯನ್ನು ಬೆಂಚಿನ ಮೇಲೆ ಕೂರಿಸಿ ನೀರಿನ ಬಾಟಲಿ ತರಲು ಅಂಗಡಿ ಸಾಲಿಗೆ ಹೋದೆ. ಮಳೆಗಾಲ ಹತ್ತಿರವಾಗಿತ್ತು. ಚಪ್ಪಲಿ ಅಂಗಡಿಯ ಮುಂದೆ ಕಪ್ಪು ಗಮ್‌ಬೂಟುಗಳನ್ನು ಜೊತೆ ಜೊತೆಯಾಗಿ ದಾರಕ್ಕೆ ಕಟ್ಟಿ ತೂಗುಹಾಕಿದ್ದರು. ಮಧ್ಯಾಹ್ನದ ಬಿಸಿಲಿಗೆ ಕಾದ ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ನಾನು ಅಲ್ಲೇ ನಿಂತುಬಿಟ್ಟೆ. ಒಂದು ಮಳೆಗಾಲದ ಮೊದಲ ದಿನಗಳನ್ನು ನಾನು ಆ ವಾಸನೆಯ ಜೊತೆಯಲ್ಲೇ ಕಳೆದಿದ್ದೆ. ಬಾಳಗಡಿಯ ನನ್ನ ರೂಮಿನಲ್ಲಿ, ಮಂಚದ ಕೆಳಗೆ, ಇಪ್ಪತ್ತು ಜೊತೆ ಬೂಟಿದ್ದವು.

ಆಗ ನಾನು ಬೆಂಗಳೂರಿನ ಒಂದು ಪಿ.ಆರ್. ಕಂಪನಿಗೆ ಸೇರಿ ವರ್ಷ ತುಂಬಿತ್ತು. ಅದೇ ನನ್ನ ಮೊದಲ ಕೆಲಸ. ಚಳ್ಳಕೆರೆಯಲ್ಲಿದ್ದ ಅಪ್ಪನಿಗೆ ಅದೇನು ಕೆಲಸ ಎಂದು ವಿವರಿಸುವುದು ಕಷ್ಟವಾಗಿತ್ತು. ಬೇರೆ ಕಂಪನಿಗಳ ಸಾಮಾನಿನ ಬಗ್ಗೆ ಜನ ಒಳ್ಳೆಯ ಮಾತಾಡುವ ಹಾಗೆ ನೋಡಿಕೊಳ್ಳುವುದು ಎಂದಿದ್ದೆ. ಸಾಮಾನು ಒಳ್ಳೆಯದಿದ್ದರೆ ಜನ ತಾವಾಗೇ ಹೇಳುವುದಿಲ್ಲವೇ ಎಂದು ಅವರು ಕೇಳಿದ್ದರು. ಹಿಂದೆ ಪತ್ರಿಕೆಗಳಿಗೆ ಪ್ರಕಟಣೆ ಕಳಿಸುವುದೇ ಆ ಕೆಲಸದ ಮುಖ್ಯ ಭಾಗವಾಗಿತ್ತಂತೆ. ನಾನು ಸೇರುವ ಹೊತ್ತಿಗೆ ಎಲ್ಲರ ಕಣ್ಣೂ ಬ್ಲಾಗ್ ಬರೆಯುವವರ ಮೇಲೆ, ಫೇಸ್‌ಬುಕ್ ಪುಟ ನಡೆಸುವವರ ಮೇಲೆ, ವಿಡಿಯೊ ಮಾಡುವವರ ಮೇಲೆ ಇತ್ತು. ಅವರನ್ನು ಯಾವುದಾದರೂ ಹೋಟೆಲಿಗೆ ಕರೆದು, ಊಟ ಹಾಕಿಸಿ, ಹೊಸ ಮಿಕ್ಸಿಯನ್ನೋ ಮುಖಕ್ಕೆ ಹಚ್ಚುವ ಕ್ರೀಮನ್ನೋ ಚೀಲದಲ್ಲಿಟ್ಟು ಕೊಡುತ್ತಿದ್ದೆವು. ಏನು ಬರೆದರೆ ಚೆನ್ನ ಎಂಬ ನಾಲ್ಕು ಸಾಲಿನ ಚೀಟಿಯೂ ಅದೇ ಚೀಲದಲ್ಲಿರುತ್ತಿತ್ತು. ಚೀಟಿ ಬರೆಯುವವಳು ನಾನೇ. ಕನ್ನಡ ಚೆನ್ನಾಗಿ ಬರುತ್ತದೆ ಎಂದು ಕೆಲಸ ಕೊಟ್ಟಿದ್ದರು.

ನನ್ನ ಮೇಲಿದ್ದವರು ಸಂಧ್ಯಾ ಮೇಡಂ. ಗಟ್ಟಿಗಿತ್ತಿ, ಆದರೆ ಅಂತಃಕರಣದವರು. ನನಗೆ ಜ್ವರ ಬಂದಾಗ ತಮ್ಮ ಮನೆಯಿಂದ ಗಂಜಿ ತಂದುಕೊಟ್ಟವರು. ಒಂದು ದಿನ ಅವರು ನನ್ನನ್ನು ಕರೆದು ಒಂದು ಫೇಸ್‌ಬುಕ್ ಪುಟ ತೋರಿಸಿದರು. ಪುಟದ ಹೆಸರು ‘ಕೆಲಸದ ಸಾಮಾನು’. ತೋಟಕ್ಕೆ ಕೂಲಿಗೆ ಹೋಗುವವರು ಬಳಸುವ ಕತ್ತಿ, ಕೈಗವಸು, ಮಳೆಕೋಟು, ಬುತ್ತಿ ಡಬ್ಬಿ, ಹೀಗೆ ಒಂದೊಂದರ ಬಗ್ಗೆ ಅಲ್ಲಿ ಯಾರೋ ಬರೆಯುತ್ತಿದ್ದರು. ಬರಹದ ತುಂಬ ವಿಚಿತ್ರ ತಪ್ಪುಗಳು. ‘ಈ ಬೋಟಿನ ಹಿಮ್ಮಡಿ ಸರಿ ಇಲ್ಲ, ಬೋಟಿನೊಳಗೆ ಕಾಲು ಜಾರುತ್ತದೆ, ಹೆಂಗಸರು ಈ ಬೋಟು ತಗೊಬೇಡಿ’ ಎಂದಿತ್ತು. ಬೋಟು ಎಂದರೆ ಬೂಟು ಎಂದು ಅರ್ಥವಾಗಲು ನಮಗೆ ಸ್ವಲ್ಪ ಹೊತ್ತು ಬೇಕಾಯಿತು. ಆ ಬೂಟು ಮಾಡುವ ಕಂಪನಿ ನಮ್ಮ ಗಿರಾಕಿ. ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ಅಂಗಡಿಯವರು ಈ ಪುಟ ನೋಡಿ, ಜನ ಕೇಳುತ್ತಿಲ್ಲ ಎಂದು ಮಾಲು ವಾಪಸು ಕಳಿಸತೊಡಗಿದ್ದರು. ಎದುರಾಳಿ ಕಂಪನಿಯೇ ಯಾರಿಂದಲೋ ಹೀಗೆ ಬರೆಸುತ್ತಿದೆ ಎಂದು ಬೂಟಿನ ಕಂಪನಿಯವರಿಗೆ ಅನುಮಾನ.

ಸಂಧ್ಯಾ ಮೇಡಂ ನನಗೆ ಮೂರು ಕೆಲಸ ಹೇಳಿದರು. ಕೊಪ್ಪಕ್ಕೆ ಹೋಗಿ ಆ ಪುಟದ ಹಿಂದೆ ಯಾರಿದ್ದಾರೆ ಎಂದು ಪತ್ತೆ ಮಾಡಬೇಕು. ಅವರಿಗೆ ಇಪ್ಪತ್ತು ಜೊತೆ ಬೂಟು ಉಡುಗೊರೆ ಕೊಟ್ಟು ನಮ್ಮವರನ್ನಾಗಿ ಮಾಡಿಕೊಳ್ಳಬೇಕು. ಅದೆಲ್ಲ ಆಗುವವರೆಗೆ ಆ ಪುಟದ ಕೆಳಗೆ ಊರಿನವರ ಹೆಸರಿನಲ್ಲಿ ಬೂಟನ್ನು ಹೊಗಳಿ ಕಾಮೆಂಟು ಹಾಕುತ್ತಿರಬೇಕು. ಮೂರನೆಯದು ನಮ್ಮ ಆಫೀಸಿನಲ್ಲಿ ಹೊಸದೇನಲ್ಲ. ಅದಕ್ಕೆಂದೇ ಹತ್ತಾರು ಖಾತೆಗಳನ್ನು ಇಟ್ಟುಕೊಂಡಿದ್ದೆವು. ನಾನು ಮರುಮಾತಾಡದೆ ಒಪ್ಪಿಕೊಂಡೆ.

ಜೂನ್ ಮೊದಲ ವಾರ ಕೊಪ್ಪದ ಪಕ್ಕದ ಬಾಳಗಡಿಯಲ್ಲಿ ಒಂದು ಜೆರಾಕ್ಸ್ ಅಂಗಡಿಯ ಮೇಲಿನ ರೂಮಿಗೆ ಬಂದಿಳಿದೆ. ಕಾಲೇಜು ಹತ್ತಿರವಿದ್ದುದರಿಂದ ಹಗಲೆಲ್ಲ ಹುಡುಗಿಯರ ಕೊಡೆಗಳ ಮೆರವಣಿಗೆ. ನಾನು ಮಳೆಯೆಂದರೆ ಅಂಗಳಕ್ಕೆ ಓಡಿಬಂದು ನೋಡುವ ಊರಿನವಳು. ಇಲ್ಲಿ ಒಂದು ವಾರದೊಳಗೆ ನನ್ನ ಬಟ್ಟೆಗಳೆಲ್ಲ ಮುಗ್ಗಲು ಹಿಡಿದವು. ಪುಟ ನಡೆಸುವವರನ್ನು ಪತ್ತೆ ಮಾಡುವುದು ನಾನಂದುಕೊಂಡಷ್ಟು ಕಷ್ಟವಾಗಲಿಲ್ಲ. ಬೂಟು ವಾಪಸು ಕಳಿಸಿದ ಅಂಗಡಿಯವರನ್ನೇ ಕೇಳಿದೆ. ಅವರು ನಕ್ಕು, ಲಲಿತಕ್ಕನಲ್ಲವೇ, ಮೇಗುಂದದ ಕಡೆ ಬಸ್ಸು ಹತ್ತಿ ಕಂಡಕ್ಟರಿಗೆ ಹೇಳಿದರೆ ಅವನೇ ಇಳಿಸುತ್ತಾನೆ ಎಂದರು.

ಲಲಿತಕ್ಕನಿಗೆ ಆಗ ಐವತ್ತರ ಹತ್ತಿರ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಹತ್ತಿರದ ತೋಟಗಳಿಗೆ ಕೂಲಿಗೆ ಹೋಗುವ ಹೆಂಗಸರ ಒಂದು ಗುಂಪಿಗೆ ಅವಳೇ ಮುಂದಾಳು. ಮಧ್ಯಾಹ್ನ ಊಟದ ಹೊತ್ತಿಗೆ ತೋಟದ ಶೆಡ್ಡಿನಲ್ಲಿ ಕೂತು, ಫೋನನ್ನು ಬಾಯಿಯ ಹತ್ತಿರ ಹಿಡಿದು ತನಗೆ ಅನಿಸಿದ್ದನ್ನು ಹೇಳುತ್ತಿದ್ದಳು. ಫೋನು ಅದನ್ನು ಅಕ್ಷರ ಮಾಡುತ್ತಿತ್ತು. ಅವಳ ಮಾತನ್ನು ಅದು ಹೇಗೆ ಕೇಳಿಸಿಕೊಂಡರೆ ಹಾಗೆ. ಅವಳು ತಿದ್ದುವ ಗೋಜಿಗೆ ಹೋಗುತ್ತಿರಲಿಲ್ಲ. ಎದುರಾಳಿ ಕಂಪನಿಯ ಹೆಸರು ಕೂಡ ಅವಳಿಗೆ ಗೊತ್ತಿರಲಿಲ್ಲ.

ನಾನು ಬೂಟಿನ ಕಂಪನಿಯ ಪ್ರಚಾರದವಳು ಎಂದು ಹೇಳಿಕೊಂಡೆ. ಅಷ್ಟು ಮಾತ್ರ ನಿಜ ಹೇಳಿದೆ. ಜಗಳಕ್ಕೆ ಬಂದಿದ್ದಾಳೆ ಎಂದು ಅಲ್ಲಿದ್ದ ಹೆಂಗಸರು ಮುಖ ಬಿಗಿದುಕೊಂಡರು. ಲಲಿತಕ್ಕ ಮಾತ್ರ ನನ್ನ ತೊಪ್ಪೆಯಾದ ಚಪ್ಪಲಿ ನೋಡಿ, ಮೊದಲು ಕೂತು ಕಾಲಿನ ಇಂಬಳ ಕಿತ್ತುಕೊಳ್ಳುವಂತೆ ಹೇಳಿದಳು. ನೋಡಿದರೆ ಎರಡು ಇಂಬಳ ಆಗಲೇ ರಕ್ತ ಕುಡಿದು ದ್ರಾಕ್ಷಿಯ ಹಾಗೆ ಉಬ್ಬಿದ್ದವು. ನಾನು ಕಿರುಚಿದೆ. ಅವಳು ಉಪ್ಪು ತಿಕ್ಕಿ ಬಿಡಿಸಿದಳು. ಹೆಂಗಸರೆಲ್ಲ ನಕ್ಕರು. ಹೀಗೆ ನಮ್ಮ ಪರಿಚಯವಾಯಿತು.

ಅವಳ ದೂರು ಸಣ್ಣದು, ಸ್ಪಷ್ಟ. ಅಂಗಡಿಗೆ ಬರುವ ಬೂಟೆಲ್ಲ ಏಳನೇ ನಂಬರಿನಿಂದ ಮೇಲೆ. ಅದು ಗಂಡಸರ ಅಳತೆ. ಹೆಂಗಸರ ಕಾಲು ನಾಲ್ಕು, ಐದು. ದೊಡ್ಡ ಬೂಟಿನೊಳಗೆ ಕಾಲು ಹಿಂದೆ ಮುಂದೆ ಜಾರಿ, ಹಿಮ್ಮಡಿಯ ಹತ್ತಿರದ ಒಳಗಿನ ಅಂಚು ಉಜ್ಜಿ ಉಜ್ಜಿ ಚರ್ಮ ಕಿತ್ತುಬರುತ್ತಿತ್ತು. ಬೂಟಿಲ್ಲದೆ ಹೋಗೋಣವೆಂದರೆ ಇಂಬಳ, ಹಾವು. ಇಪ್ಪತ್ತು ಜೊತೆ ಬೂಟು ಪುಕ್ಕಟೆ ಕೊಡುತ್ತೇವೆ, ಒಳ್ಳೆಯದು ಬರೆಯಬೇಕು ಎಂದು ನಾನು ಚೀಟಿ ಕೊಟ್ಟಾಗ ಅವಳು ಅದನ್ನು ಓದಿ ಮಡಿಸಿ ವಾಪಸು ಕೊಟ್ಟಳು.

“ಬೂಟು ಕೊಡು, ಹಾಕ್ಕತ್ತೀವಿ. ಒಂದು ತಿಂಗ್ಳು ಹಾಕಿ ಇವ್ರೆಲ್ಲ ಎಂತ ಹೇಳ್ತಾರೋ ಅದನ್ನ ಬರೀತೀನಿ. ಒಳ್ಳೇದು ಹೇಳಿದ್ರೆ ಒಳ್ಳೇದೇ ಬರೀತೀನಿ ಮಾರಾಯ್ತಿ, ನಂಗೆ ನಿಮ್ಮ ಮೇಲೆ ದ್ವೇಷ ಎಂತದು?”

ಸಂಧ್ಯಾ ಮೇಡಂಗೆ ಫೋನು ಮಾಡಿದೆ. ಕೊಡು, ಆದರೆ ಆ ತಿಂಗಳು ಕಾಮೆಂಟುಗಳನ್ನು ಜಾಸ್ತಿ ಮಾಡು ಎಂದರು.

ಹಾಗೆ ಆ ಮಳೆಗಾಲದಲ್ಲಿ ನನ್ನದು ಎರಡು ಬಾಳಾಯಿತು. ದಿನ ಬಿಟ್ಟು ದಿನ ಬಸ್ಸು ಹತ್ತಿ ಲಲಿತಕ್ಕನ ಗುಂಪಿನ ಹತ್ತಿರ ಹೋಗುವುದು, ಫೋಟೊ ತೆಗೆಯುವುದು, ಅವರ ಜೊತೆ ಕೂತು ಉಣ್ಣುವುದು. ಅವರು ನನಗೆ ಎಳೆಬಿದಿರಿನ ಕಳಲೆಯ ಪಲ್ಯ ತಿನ್ನಿಸಿದರು. ಒಬ್ಬೊಬ್ಬರೂ ಬುತ್ತಿಯಿಂದ ಒಂದೊಂದು ತುತ್ತು ತೆಗೆದು ನನ್ನ ತಟ್ಟೆಗೆ ಹಾಕುತ್ತಿದ್ದರು. ಬುತ್ತಿ ತರದೆ ಹೋಗುವುದೇ ನನಗೆ ರೂಢಿಯಾಯಿತು. ಹೆಂಗಸರು ಕಪ್ಪೆಗಳ ಕೂಗಿನಲ್ಲೇ ಮಳೆ ಇನ್ನೆಷ್ಟು ಹೊತ್ತು ಎಂದು ಹೇಳಿಬಿಡುತ್ತಿದ್ದರು. ಸಂಜೆ ರೂಮಿಗೆ ಬಂದು ಫೋನು ತೆಗೆದು ನಾನು ಬೇರೆಯವಳಾಗುತ್ತಿದ್ದೆ. ನನ್ನ ಪಾಲಿಗೆ ಏಳು ಹೆಸರುಗಳಿದ್ದವು. ಶೃಂಗೇರಿಯ ಒಬ್ಬ ಡ್ರೈವರ್, ಹರಿಹರಪುರದ ಒಬ್ಬ ಮೇಸ್ತ್ರಿ, ಹೀಗೆ. ಅವರಲ್ಲಿ ನಾನು ಪ್ರೀತಿಯಿಂದ ಕಟ್ಟಿದ್ದು ನರಸಿಂಹರಾಜಪುರದ ಮಂಜುಳಾಳನ್ನು. ಕಾಫಿ ತೋಟದಲ್ಲಿ ಕಳೆ ತೆಗೆಯುವವಳು, ಗಂಡ ಜೀಪು ಓಡಿಸುತ್ತಾನೆ, ಇಬ್ಬರು ಹೆಣ್ಣುಮಕ್ಕಳು, ಚಿಕ್ಕವಳಿಗೆ ಲೆಕ್ಕ ತಲೆಗೆ ಹತ್ತುವುದಿಲ್ಲ. ಲಲಿತಕ್ಕನ ಗುಂಪಿನಲ್ಲಿ ಹಗಲು ಕೇಳಿಸಿಕೊಂಡ ಮಾತನ್ನೇ ಸಂಜೆ ಮಂಜುಳಾಳ ಬಾಯಿಗೆ ಹಾಕುತ್ತಿದ್ದೆ. ಆದ್ದರಿಂದ ಅವಳು ಉಳಿದ ಆರು ಜನಕ್ಕಿಂತ ಜೀವಂತವಾಗಿದ್ದಳು. ನಾನು ಆ ಬಗ್ಗೆ ಸ್ವಲ್ಪ ಹೆಮ್ಮೆಯನ್ನೂ ಪಟ್ಟಿದ್ದೆ.

ಮಂಜುಳಾ ಒಂದು ಸಂಜೆ ಬರೆದಳು: ‘ಅಕ್ಕಾ, ನಾನು ಇದೇ ಬೂಟು ಹಾಕ್ತಿರೋದು. ನಂಗೇನೂ ಆಗಿಲ್ಲ. ಬೇರೆ ಕಂಪನಿಯವರ ಮಾತು ಕೇಳಿ ಬರೀಬೇಡಿ.’ ಕೊನೆಯ ವಾಕ್ಯ ಆಫೀಸಿನದು.

ಲಲಿತಕ್ಕ ಆ ಕೊನೆಯ ವಾಕ್ಯವನ್ನು ಗಮನಿಸಿದ ಹಾಗೇ ಕಾಣಲಿಲ್ಲ. ಮಂಜುಳಾಳಿಗೆ ಏನೂ ಆಗಿಲ್ಲ ಎನ್ನುವುದಷ್ಟೇ ಅವಳಿಗೆ ಮುಖ್ಯವಾಗಿತ್ತು. ನಿನ್ನ ಕಾಲಿನ ನಂಬರೆಷ್ಟು, ಒಳಗೆ ಎಂತ ಹಾಕಿಕೊಳ್ಳುತ್ತೀ, ನಮ್ಮ ಗಿರಿಜಳಿಗೆ ಹಿಮ್ಮಡಿ ಒಡೆದು ಹುಣ್ಣಾಗಿದೆ, ನಿನಗೆ ಗೊತ್ತಿದ್ದರೆ ಹೇಳು ತಂಗಿ ಎಂದು ಕೆಳಗೇ ಕೇಳಿದಳು. ಗಿರಿಜ ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ನಗುವ ಹೆಂಗಸು. ಸಕ್ಕರೆ ಕಾಯಿಲೆ ಇದೆ ಎಂದು ಆಮೇಲೆ ಗೊತ್ತಾಯಿತು. ನಾನು ಉತ್ತರ ಕೊಡದೆ ಸುಮ್ಮನಿರಬಹುದಿತ್ತು. ಆದರೆ ಮಂಜುಳಾ ಉತ್ತರ ಕೊಡದಿದ್ದರೆ ಅನುಮಾನ ಬರುತ್ತದೆ ಎನಿಸಿತು. ಕೊಬ್ಬರಿ ಎಣ್ಣೆ ಹಚ್ಚಿ, ಹಳೆಯ ಹತ್ತಿ ಬಟ್ಟೆಯನ್ನು ಕಾಲಿಗೆ ದಪ್ಪಗೆ ಸುತ್ತಿಕೊಂಡು ಬೂಟು ಹಾಕಿದರೆ ಜಾರುವುದಿಲ್ಲ, ನಾನು ಹಾಗೇ ಮಾಡುವುದು ಎಂದು ಮಂಜುಳಾ ಬರೆದಳು. ಬರೆಯುವುದಕ್ಕೆ ಎರಡು ನಿಮಿಷ ಹಿಡಿಯಲಿಲ್ಲ.

ಗಿರಿಜ ಅದರಂತೆಯೇ ಮಾಡಿದಳು. ಜುಲೈ ಮಳೆಯಲ್ಲಿ ಬಸಿಗಾಲುವೆಯ ಹೂಳು ತೆಗೆಯುವ ಕೆಲಸ. ಬೂಟಿನೊಳಗೆ ನೀರು ಇಳಿದೇ ಇಳಿಯುತ್ತಿತ್ತು. ಸುತ್ತಿದ ಬಟ್ಟೆ ಬೆಳಗಿಂದ ಸಂಜೆಯವರೆಗೆ ಒದ್ದೆಯಾಗಿಯೇ ಹುಣ್ಣಿಗೆ ಅಂಟಿಕೊಂಡಿರುತ್ತಿತ್ತು. ಹತ್ತು ದಿನದಲ್ಲಿ ಅವಳ ಕಾಲು ಊದಿತು. ಆದರೂ ಮಂಜುಳಾಳಿಗೆ ಸರಿಹೋಗಿದೆಯಲ್ಲ, ತನಗೂ ಆದೀತು ಎಂದು ಅವಳು ಬಟ್ಟೆ ಸುತ್ತುವುದನ್ನು ಬಿಡಲಿಲ್ಲ. ನಾನು ಅವಳ ಕಾಲು ನೋಡಿದ ದಿನ ಇದನ್ನು ನಿಲ್ಲಿಸಿ ಎಂದು ಹೇಳಿದೆ. ಗಿರಿಜ ನಕ್ಕು, ನಿನಗೆ ಗೊತ್ತಾಗುವುದಿಲ್ಲ ಬಿಡು, ಇದು ಕೆಲಸದವಳೇ ಹೇಳಿದ್ದು ಎಂದಳು.

ಲಲಿತಕ್ಕ ಯೋಚನೆ ಮಾಡಿ ಒಂದು ತೀರ್ಮಾನಕ್ಕೆ ಬಂದಳು. ಬಟ್ಟೆ ಸುತ್ತುವ ರೀತಿಯಲ್ಲಿ ತಾವೇನೋ ತಪ್ಪು ಮಾಡುತ್ತಿರಬೇಕು. ಬರೆದು ಕೇಳಿದರೆ ತಿಳಿಯುವುದಿಲ್ಲ. ಮಂಜುಳಾಳನ್ನೇ ಹುಡುಕಿ, ಕಣ್ಣಾರೆ ನೋಡಿಕೊಂಡು ಬರಬೇಕು. ಮರುದಿನ ಕೆಲಸ ಬಿಟ್ಟು ನರಸಿಂಹರಾಜಪುರಕ್ಕೆ ಹೊರಟಳು. ನೀನೂ ಬಾ, ಅವಳ ರೀತಿ ಸರಿಯಿದ್ದರೆ ನಿಮ್ಮ ಕಂಪನಿಯವರಿಗೂ ಹೇಳಬಹುದು ಎಂದು ನನ್ನನ್ನೂ ಕರೆದಳು.

ಬಸ್ಸಿನಲ್ಲಿ ಅವಳು ಕಿಟಕಿಯ ಹತ್ತಿರ ಕೂತಿದ್ದಳು. ಒಳ್ಳೆಯ ಸೀರೆ ಉಟ್ಟಿದ್ದಳು. ಮಡಿಲಲ್ಲಿ ಒಂದು ಚೀಲ, ಅದರಲ್ಲಿ ಮಂಜುಳಾಳ ಹೆಣ್ಣುಮಕ್ಕಳಿಗೆಂದು ಎರಡು ಪೊಟ್ಟಣ ಬಿಸ್ಕತ್ತು. ಚಿಕ್ಕವಳಿಗೆ ಲೆಕ್ಕ ಬರುವುದಿಲ್ಲವಂತೆ, ನಮ್ಮ ಕಡೆ ಒಬ್ಬ ಮೇಷ್ಟ್ರು ಚೆನ್ನಾಗಿ ಹೇಳಿಕೊಡುತ್ತಾರೆ, ರಜೆಯಲ್ಲಿ ಕಳಿಸು ಎಂದು ಹೇಳಬೇಕು ಎಂದಳು. ನಾನು ಹೊರಗೆ ನೋಡುತ್ತಿದ್ದೆ. ಇಳಿದ ಕೂಡಲೇ ಹೇಳಿಬಿಡುತ್ತೇನೆ ಎಂದುಕೊಂಡೆ. ಇಳಿದ ಮೇಲೂ ಹೇಳಲಿಲ್ಲ.

ಅವಳು ಮೊದಲು ಚಹಾ ಅಂಗಡಿಯಲ್ಲಿ ಕೇಳಿದಳು. ಜೀಪು ನಿಲ್ಲುವ ಜಾಗದಲ್ಲಿ ಡ್ರೈವರುಗಳನ್ನು ಕೇಳಿದಳು. ಕಾಫಿ ತೋಟಕ್ಕೆ ಹೋಗುವ ಮಂಜುಳಾ, ಗಂಡ ಜೀಪು ಓಡಿಸುತ್ತಾನೆ, ಎರಡು ಹೆಣ್ಣು. ಅವರು ಒಬ್ಬೊಬ್ಬರೂ ತಲೆ ಕೆರೆದು ಯೋಚಿಸಿದರು. ಒಬ್ಬ ತನ್ನ ಹೆಂಡತಿಗೆ ಫೋನು ಮಾಡಿಯೇ ವಿಚಾರಿಸಿದ. ಕೊನೆಗೆ ಒಬ್ಬ ಮಂಜುಳಾ ಸಿಕ್ಕಿದಳು. ತೋಟಕ್ಕೆ ಹೋಗುವವಳೇ. ಅವಳು ಪಾಪ ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು ಮಳೆಯಲ್ಲೇ ಬಂದಳು. ಲಲಿತಕ್ಕ ಮುಖವರಳಿಸಿ, ಸೀರೆ ಸ್ವಲ್ಪ ಎತ್ತಿ, ತನ್ನ ಹಿಮ್ಮಡಿಯ ಕಲೆ ತೋರಿಸಿ ಬೂಟಿನ ವಿಷಯ ಎತ್ತಿದಳು. ಆ ಹೆಂಗಸು, ತಾನು ಬೂಟೇ ಹಾಕಿದವಳಲ್ಲ ಎಂದಳು. ಲಲಿತಕ್ಕ ಬಿಸ್ಕತ್ತಿನ ಒಂದು ಪೊಟ್ಟಣ ಅವಳ ಮಗುವಿಗೆ ಕೊಟ್ಟು, ಇನ್ನೊಂದನ್ನು ಚೀಲದಲ್ಲೇ ಇಟ್ಟುಕೊಂಡಳು. ಬೇರೆ ಮಂಜುಳಾಳಿಗೆಂದು.

ಆಗ ನನ್ನಿಂದ ಆಗಲಿಲ್ಲ. ಬಸ್ ನಿಲ್ದಾಣದ ಬೆಂಚಿನ ಮೇಲೆ ಅವಳನ್ನು ಕೂರಿಸಿದೆ.

“ಲಲಿತಕ್ಕ, ಮಂಜುಳಾ ಅಂತ ಯಾರೂ ಇಲ್ಲ.”

“ಇರ್ತಾಳೆ ಮಾರಾಯ್ತಿ. ಆಚೆ ಕೂಲಿಯವರ ಲೈನ್‌ಮನೇಲಿ ಇನ್ನೂ ಕೇಳಿಲ್ಲ.”

“ಇಲ್ಲ ಅಕ್ಕ. ಅದನ್ನೆಲ್ಲ ಬರೆದಿದ್ದು ನಾನು.”

ಅವಳಿಗೆ ಮೊದಲು ಅರ್ಥವಾಗಲಿಲ್ಲ. ನಾನು ಫೋನು ತೆಗೆದು ಮಂಜುಳಾಳ ಖಾತೆ ತೋರಿಸಿದೆ. ಉಳಿದ ಆರನ್ನೂ ತೋರಿಸಿದೆ. ಆಫೀಸಿನಲ್ಲಿ ಹೀಗೆ ಮಾಡುತ್ತೇವೆ ಎಂದೆ. ಅವಳು ಪರದೆಯನ್ನು ಬಹಳ ಹೊತ್ತು ನೋಡಿದಳು.

“ಆ ಬಟ್ಟೆ ಸುತ್ತದು?”

“ಅದೂ ನಾನೇ.”

“ನೀನು ಸುತ್ತಿ ನೋಡಿದ್ಯಾ?”

“ಇಲ್ಲ ಅಕ್ಕ.”

ಅವಳು ಬೈಯಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಕೊಪ್ಪದ ಬಸ್ಸು ಬಂದಾಗ ಎದ್ದು ಹತ್ತಿ, ಮುಂದಿನ ಸೀಟಿನಲ್ಲಿ ಯಾರೋ ಅಜ್ಜಿಯ ಪಕ್ಕ ಕೂತಳು. ನಾನು ಹಿಂದೆ ಕೂತೆ. ದಾರಿಯುದ್ದಕ್ಕೂ ಅವಳ ತಲೆಯ ಹಿಂಭಾಗವಷ್ಟೇ ನನಗೆ ಕಾಣುತ್ತಿತ್ತು. ಕೊಪ್ಪದಲ್ಲಿ ಇಳಿದ ಮೇಲೆ ಒಂದೇ ಮಾತು ಹೇಳಿದಳು.

“ಗಿರಿಜಂಗೆ ನೀನೇ ಹೇಳು.”

ಅವತ್ತೇ ಹೋದೆವು. ಗಿರಿಜ ಕಾಲನ್ನು ದಿಂಬಿನ ಮೇಲಿಟ್ಟು ಗೋಡೆಗೊರಗಿ ಕೂತಿದ್ದಳು. ನಾನು ನೆಲದ ಮೇಲೆ ಕೂತು ಎಲ್ಲ ಹೇಳಿದೆ. ನಡುವೆ ನಿಲ್ಲಿಸಲಿಲ್ಲ, ಅವಳ ಮುಖವನ್ನೂ ನೋಡಲಿಲ್ಲ. ಅವಳು ಕೇಳಿದ ಮೊದಲ ಪ್ರಶ್ನೆ ಕಾಲಿನದಾಗಿರಲಿಲ್ಲ.

“ಹಂಗಾರೆ ಆ ಮಕ್ಳೂ ಇಲ್ವಾ?”

ಇಲ್ಲ ಎಂದೆ. ಗಿರಿಜ ಮಂಜುಳಾಳಿಗೆ ಬೇರೆಯಾಗಿಯೂ ಬರೆದಿದ್ದಳು. ನನಗೂ ಇಬ್ಬರು ಹೆಣ್ಣು, ಒಂದು ಸಲ ಫೋನು ಮಾಡು, ಮಾತಾಡೋಣ ಎಂದು. ಆ ಮೆಸೇಜನ್ನು ನಾನು ಓದಿ ಹಾಗೇ ಬಿಟ್ಟಿದ್ದೆ. ಅವಳು ಬಾಗಿಲ ಕಡೆ ನೋಡುತ್ತ, ಮಂಜುಳಾಳ ಹತ್ತಿರ ಮಾತಾಡಬೇಕು ಎಂದು ಬಹಳ ಆಸೆಯಿತ್ತು ಎಂದಳು. ಅವಳ ಕಾಲಿನ ಹುಣ್ಣಿಗಿಂತ ಆ ಮಾತು ನನ್ನನ್ನು ಹೆಚ್ಚು ಕೊರೆಯಿತು.

ಮರುದಿನ ಬೆಳಿಗ್ಗೆ ಅವಳನ್ನು ಕೊಪ್ಪದ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರು ಹುಣ್ಣು ತೊಳೆದು, ಒದ್ದೆ ಬಟ್ಟೆ ಸುತ್ತಲು ಹೇಳಿದವರು ಯಾರು ಎಂದು ಕೇಳಿದರು. ನಾನೇ ಎಂದೆ. ಅವರು ನನ್ನನ್ನು ಒಂದು ಕ್ಷಣ ನೋಡಿ, ಇನ್ನು ನಾಲ್ಕು ದಿನ ಬಿಟ್ಟಿದ್ದರೆ ಪಾದ ಉಳಿಸುವುದು ಕಷ್ಟವಾಗುತ್ತಿತ್ತು ಎಂದರು. ಅಲ್ಲಿಂದ ಬಂದು ರೂಮಿನಲ್ಲಿ ಬಾಗಿಲು ಹಾಕಿಕೊಂಡು ಕೂತೆ. ಎಲ್ಲ ಕಾಮೆಂಟುಗಳನ್ನೂ ಅಳಿಸಿಬಿಡೋಣ ಎಂದುಕೊಂಡು ಲಲಿತಕ್ಕನಿಗೆ ಫೋನು ಮಾಡಿ ಕೇಳಿದೆ. ಅಳಿಸಬೇಡ ಎಂದಳು. ಅಳಿಸಿದರೆ ಅದನ್ನು ಓದಿ ನಂಬಿದವರಿಗೆ ಗೊತ್ತಾಗುವುದು ಹೇಗೆ, ಅದರ ಕೆಳಗೇ ನಿನ್ನ ಹೆಸರು ಹಾಕಿ ಬರಿ ಎಂದಳು.

ಹಾಗೇ ಮಾಡಿದೆ. ನನ್ನ ಸ್ವಂತ ಖಾತೆಯಿಂದ, ನನ್ನ ಫೋಟೊ ಇರುವ ಖಾತೆಯಿಂದ, ಒಂದೊಂದು ಕಾಮೆಂಟಿನ ಕೆಳಗೂ ಬರೆದೆ: ‘ಇದನ್ನು ಬರೆದವಳು ನಾನು, ಶೈಲಜಾ. ಬೂಟಿನ ಕಂಪನಿಯ ಪ್ರಚಾರದ ಕೆಲಸದಲ್ಲಿದ್ದೇನೆ. ಈ ಬೂಟನ್ನು ನಾನು ಹಾಕಿ ನೋಡಿಲ್ಲ. ಹುಣ್ಣಿಗೆ ಬಟ್ಟೆ ಸುತ್ತಬೇಡಿ, ಆಸ್ಪತ್ರೆಗೆ ಹೋಗಿ.’

ಸಂಧ್ಯಾ ಮೇಡಂ ಒಂದು ಗಂಟೆಯೊಳಗೆ ಫೋನು ಮಾಡಿದರು. ಕೂಗಾಡಲಿಲ್ಲ. ಈಗಲೂ ತಡವಾಗಿಲ್ಲ, ಅಳಿಸು, ಯಾರೋ ನಿನ್ನ ಖಾತೆ ಕದ್ದಿದ್ದರು ಎಂದು ಹೇಳೋಣ, ನಾನು ನೋಡಿಕೊಳ್ಳುತ್ತೇನೆ ಎಂದರು. ಗಿರಿಜಳ ಕಾಲಿನ ವಿಷಯ ಹೇಳಿದೆ. ನನಗೆ ಗೊತ್ತಿರಲಿಲ್ಲ ಕಣೆ ಎಂದರು. ಅದು ನಿಜ. ನಮ್ಮ ಆಫೀಸಿನಲ್ಲಿ ಕೂತವರಿಗೆ ಯಾರ ಕಾಲೂ ಕಾಣುವಂತಿರಲಿಲ್ಲ. ನಾನು ಅಳಿಸುವುದಿಲ್ಲ ಎಂದಾಗ, ಹಾಗಾದರೆ ನಿನ್ನನ್ನು ಇಟ್ಟುಕೊಳ್ಳಲು ನನ್ನಿಂದ ಆಗುವುದಿಲ್ಲ ಎಂದರು. ಅವರ ದನಿ ಸಣ್ಣಗಾಗಿತ್ತು. ಅಲ್ಲಿಗೆ ನನ್ನ ಮೊದಲ ಕೆಲಸ ಮುಗಿಯಿತು.

ಅಪ್ಪನಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತ ಕೂತಿದ್ದಾಗ ಫೋನು ಸದ್ದು ಮಾಡಿತು. ನನ್ನ ಕಾಮೆಂಟುಗಳ ಕೆಳಗೆ ಜನ ಬಯ್ಯತೊಡಗಿದ್ದರು. ಬಯ್ಯಲೇಬೇಕಾದ್ದು. ಅವುಗಳ ನಡುವೆ, ಎಲ್ಲರೂ ಓದುವ ಜಾಗದಲ್ಲೇ, ಲಲಿತಕ್ಕ ಎರಡು ಸಾಲು ಹಾಕಿದ್ದಳು: ‘ಈ ಹುಡುಗಿ ತಪ್ಪು ಮಾಡಿ ತಾನೇ ಹೇಳಿದ್ದಾಳೆ. ಶೈಲಜಾ ನಾಳೆ ಕೆಲಸಕ್ಕೆ ಬಾ ಬೋಟು ಹಾಕಿಕೊಂಡು.’

ಹೋದೆ. ಏಳನೇ ನಂಬರಿನ ಬೂಟು, ನನ್ನ ಕಾಲು ನಾಲ್ಕು. ಬೆಳಿಗ್ಗೆಯಿಂದ ಸಂಜೆಯವರೆಗೆ ಬಸಿಗಾಲುವೆಯಲ್ಲಿ ನಿಂತು ಹೂಳನ್ನು ಬುಟ್ಟಿಗೆ ತುಂಬಿಸಿ ಕೊಟ್ಟೆ. ಹತ್ತು ಗಂಟೆಗೆ ಹಿಮ್ಮಡಿ ಉರಿಯತೊಡಗಿತು, ಮಧ್ಯಾಹ್ನಕ್ಕೆ ನಡೆಯುವುದೇ ಕಷ್ಟವಾಯಿತು, ಸಂಜೆ ಬೂಟು ಬಿಚ್ಚಿದಾಗ ಕಾಲ್ಚೀಲ ಕೆಂಪಾಗಿತ್ತು. ಹೆಂಗಸರು ಸುತ್ತ ನಿಂತು ನೋಡಿದರು. ಯಾರೂ ನಗಲಿಲ್ಲ. ಒಬ್ಬಳು ಅರಿಶಿನ ತಂದಳು. ಅವತ್ತು ನಾನು ಬೂಟಿನ ಬಗ್ಗೆ ಬರೆದದ್ದು, ಆ ಕೆಲಸಕ್ಕೆ ಸೇರಿದ ಮೇಲೆ ನಾನು ಬರೆದ ಮೊದಲ ನಿಜವಾದ ಬರಹ. ಯಾವ ಗಂಟೆಗೆ ಎಲ್ಲಿ ನೋವಾಯಿತು ಎಂದಷ್ಟೇ ಬರೆದೆ. ಲಲಿತಕ್ಕ ಅದನ್ನು ತನ್ನ ಪುಟದಲ್ಲಿ ಹಾಕಿ, ಕೆಳಗೆ ಇಪ್ಪತ್ತು ಹೆಂಗಸರ ಮಾತನ್ನೂ ಹೆಸರು ಸಮೇತ ಹಾಕಿದಳು. ಇಬ್ಬರಿಗೆ ಬೂಟು ಸರಿಹೋಗಿತ್ತು. ಅದನ್ನೂ ಬಿಡದೆ ಬರೆದಳು.

ಬಾಳಗಡಿಯ ರೂಮು ಆಗಸ್ಟ್ ಕೊನೆಯವರೆಗೆ ಇತ್ತು. ನಾನು ಊರಿಗೆ ಹೋಗದೆ ಉಳಿದೆ. ಗಿರಿಜಳನ್ನು ಪಟ್ಟಿ ಬದಲಿಸಲು ಆಸ್ಪತ್ರೆಗೆ ಕರೆದೊಯ್ಯುವುದು ನನ್ನ ಪಾಲಿನ ಕೆಲಸವಾಯಿತು. ಮೊದಮೊದಲು ಬಸ್ಸಿನಲ್ಲಿ ಅವಳು ಮಾತಾಡುತ್ತಿರಲಿಲ್ಲ. ಮೂರನೆಯ ಸಲ ಹೋಗುವಾಗ ತಾನಾಗಿಯೇ ತನ್ನ ಮಕ್ಕಳ ವಿಷಯ ತೆಗೆದಳು. ಮಂಜುಳಾಳಿಗೆ ಹೇಳಬೇಕೆಂದು ಇಟ್ಟುಕೊಂಡಿದ್ದನ್ನೆಲ್ಲ ನನಗೆ ಹೇಳಿದಳು. ಹುಣ್ಣು ಆಗಸ್ಟ್ ಮಧ್ಯದ ಹೊತ್ತಿಗೆ ಒಣಗಿತು.

ಅದೇ ಸಮಯದಲ್ಲಿ ಲಲಿತಕ್ಕನಿಗೆ ಒಂದು ಫೋನು ಬಂತು. ಬೂಟಿನ ಕಾರ್ಖಾನೆಯಲ್ಲಿ ಅಚ್ಚು ಮಾಡುವ ವಿಭಾಗದವರು, ಶೇಖರಪ್ಪ ಎಂದು ಹೆಸರು. ಅವರ ಮಗಳು ಬೂಟಿನ ಆ ಬರಹವನ್ನು ಯಾವುದೋ ಗುಂಪಿನಲ್ಲಿ ನೋಡಿ ಅವರಿಗೆ ತೋರಿಸಿದ್ದಳಂತೆ. ಪ್ರಚಾರದವರು ಯಾರೂ ಈ ದೂರನ್ನು ಅವರ ತನಕ ಮುಟ್ಟಿಸಿರಲಿಲ್ಲ. ನಮ್ಮ ಆಫೀಸಿನ ವರದಿಯಲ್ಲಿ ಅದು ‘ನೆಗೆಟಿವ್’ ಎಂಬ ಒಂದೇ ಪದವಾಗಿತ್ತು. ಶೇಖರಪ್ಪನವರು ಅರ್ಧ ಗಂಟೆ ಹಿಮ್ಮಡಿ, ಅಂಚು, ಪಾದದ ಅಗಲ ಎಂದು ಕೇಳಿ, ಫೋನಿನಲ್ಲಿ ಸಾಲದು, ನಾನೇ ಬರುತ್ತೇನೆ ಎಂದರು. ಮುಂದಿನ ವಾರ ರಜೆ ಹಾಕಿ ಬಸ್ಸಿನಲ್ಲಿ ಬಂದೂಬಿಟ್ಟರು. ತೆಳ್ಳಗಿನ, ಮಿತಭಾಷಿ ಮನುಷ್ಯ. ಬ್ಯಾಗಿನಲ್ಲಿ ಹಳೆಯ ಪೇಪರಿನ ಕಟ್ಟು ಮತ್ತು ಪೆನ್ಸಿಲುಗಳಿದ್ದವು.

ತೋಟದ ಶೆಡ್ಡಿನಲ್ಲಿ ಅವರು ನೆಲದ ಮೇಲೆ ಪೇಪರು ಹಾಸಿ, ಮಂಡಿಯೂರಿ ಕೂತು, ಒಬ್ಬೊಬ್ಬರಾಗಿ ಕಾಲಿಡಿ ಎಂದರು. ಯಾರೂ ಮುಂದೆ ಬರಲಿಲ್ಲ. ಅಕ್ಷರ ಇರುವ ಕಾಗದ, ತುಳಿಯುವುದು ಹೇಗೆ? ಮೇಲಾಗಿ ಪರಗಂಡಸು, ವಯಸ್ಸಿನಲ್ಲಿ ದೊಡ್ಡವರು, ಅವರು ಕೆಳಗೆ ಕೂತು ತಾವು ಅವರ ಕೈಗೆ ಕಾಲು ಕೊಡುವುದೇ? ಶೇಖರಪ್ಪನವರಿಗೆ ಅರ್ಥವಾಯಿತು. ಪೇಪರು ಮಡಿಸಿ, ನನ್ನಿಂದ ಖಾಲಿ ಹಾಳೆ ತರಿಸಿದರು. ಜೆರಾಕ್ಸ್ ಅಂಗಡಿಯ ದೊಡ್ಡ ಹಾಳೆಗಳು. ಗಿರಿಜ ಮೊದಲು ಬಂದಳು. ಹಾಳೆ ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ಕಾಲಿಟ್ಟಳು. ಅವರು ಪಾದದ ಸುತ್ತ ಪೆನ್ಸಿಲು ಎಳೆಯುವಾಗ ಅವಳಿಗೆ ಕಚಗುಳಿಯಾಗಿ ನಗು ಬಂತು. ಅವಳು ನಕ್ಕದ್ದು ಕೇಳಿ ಎಷ್ಟೋ ದಿನವಾಗಿತ್ತು. ಆಮೇಲೆ ಒಬ್ಬರ ಹಿಂದೆ ಒಬ್ಬರು ಬಂದರು. ಹಾಳೆ ಅಲುಗದಂತೆ ನಾನು ಅಂಚು ಒತ್ತಿ ಹಿಡಿದುಕೊಂಡಿದ್ದೆ, ಹೆಸರು ಬರೆಯುತ್ತಿದ್ದೆ. ಬಿರುಕು ಬಿಟ್ಟ ಹಿಮ್ಮಡಿ, ಅಗಲವಾಗಿ ಹರಡಿದ ಬೆರಳುಗಳು. ಬರಿಗಾಲಲ್ಲಿ ವರ್ಷಗಟ್ಟಲೆ ನಡೆದ ಪಾದ ಮುಂದೆ ಅಗಲ, ಹಿಂದೆ ಸಪೂರ ಇರುತ್ತದೆ, ನಮ್ಮ ಅಚ್ಚಿಗೆ ಇದು ಗೊತ್ತೇ ಇರಲಿಲ್ಲ ಎಂದು ಶೇಖರಪ್ಪನವರು ತಮಗೆ ತಾವೇ ಹೇಳಿಕೊಂಡರು.

ಎಲ್ಲ ಮುಗಿಯಿತು ಎನ್ನುವಾಗ ಲಲಿತಕ್ಕ ನನ್ನ ತೋಳು ಹಿಡಿದು ಎಬ್ಬಿಸಿ, ಇವಳದ್ದೂ ಬರೆದುಕೊಳ್ಳಿ, ಇವಳೂ ಒಂದು ದಿನ ಹಾಕಿದ್ದಾಳೆ ಎಂದಳು. ನಾನು ಬೇಡವೆಂದೆ. ಅವಳು ಬಿಡಲಿಲ್ಲ. ನಾನು ಹಾಳೆಯ ಮೇಲೆ ಕಾಲಿಟ್ಟಾಗ ಅಂಚು ಹಿಡಿಯಲು ಗಿರಿಜ ಬಗ್ಗಿದಳು.

ತಿಂಗಳ ಕೊನೆಗೆ ಊರಿಗೆ ಹೋದೆ. ಈಗ ನಾನು ಯಂತ್ರಗಳ ಜೊತೆ ಬರುವ ಕನ್ನಡದ ಕೈಪಿಡಿಗಳನ್ನು ಬರೆಯುತ್ತೇನೆ. ಬರೆಯುವ ಮೊದಲು ಯಂತ್ರವನ್ನು ಒಮ್ಮೆ ನಡೆಸಿ ನೋಡಬೇಕೆಂದು ಹಟ ಮಾಡುವುದರಿಂದ ತಡವಾಗುತ್ತದೆ ಎಂಬ ದೂರು ನನ್ನ ಮೇಲಿದೆ. ಅಪ್ಪನಿಗೆ ಈ ಕೆಲಸ ಅರ್ಥವಾಗುತ್ತದೆ. ಬೂಟಿನ ಕಂಪನಿ ತಕ್ಷಣ ಏನೂ ಮಾಡಲಿಲ್ಲ. ಶೇಖರಪ್ಪನವರು ಹೊಸ ಅಚ್ಚಿಗಾಗಿ ಮೇಲಿನವರನ್ನು ಒಪ್ಪಿಸಲು ಒಂದು ವರ್ಷ ತಿರುಗಿದರಂತೆ. ಎರಡನೆಯ ಮಳೆಗಾಲಕ್ಕೆ ನಾಲ್ಕು, ಐದು ನಂಬರಿನ ಬೂಟು ಕೊಪ್ಪದ ಅಂಗಡಿಗೆ ಬಂತು. ಲಲಿತಕ್ಕನಿಗೆ ಕಂಪನಿಯವರು ಒಂದು ಜೊತೆ ಕಳಿಸುತ್ತೇವೆ ಎಂದರೆ ಬೇಡವೆಂದು ತಾನೇ ಹೋಗಿ ಕೊಂಡಳು. ಅದರ ಬಗ್ಗೆ ಪುಟದಲ್ಲಿ ಹಾಕುವ ಮೊದಲು, ಒಂದು ಸಂಜೆ, ನನಗೆ ಫೋನು ಮಾಡಿದಳು. ಹೇಗಿದೆ ಅಕ್ಕ ಎಂದು ನಾನು ಕೇಳಿದೆ.

“ಎಂತ ಹೇಳದು ಮಾರಾಯ್ತಿ. ಬೆಳಿಗ್ಗೆ ಹಾಕಿದ್ದು, ಮನೆಗೆ ಬಂದು ಒಲೆ ಹಚ್ಚಿ ಚಾ ಕುಡಿದು ಮುಗಿಸಿದೆ. ಆಮೇಲೆ ನೋಡಿದ್ರೆ, ಬೂಟು ಇನ್ನೂ ಕಾಲಲ್ಲೇ ಇತ್ತು.”